ಮುಚ್ಚಿದ ಕೋಣೆಯಲ್ಲಿ ಇದ್ದಿಲು ಕುಕ್ಕರ್

ಪಾಲಿಬೆಟ್ಟದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಅಡುಗೆ ನನ್ನದೇ. ಬೆಳಿಗ್ಗೆ ಇದ್ದಿಲು ಕುಕ್ಕರಿನ ಒಂದರ ಮೇಲೊಂದು ಕೂರುವ ಡಬ್ಬಿಗಳಲ್ಲಿ ಅಕ್ಕಿ, ಬೇಳೆ, ತರಕಾರಿ ತುಂಬಿ, ತಳದಲ್ಲಿ ಕೆಂಡ ಹಾಕಿ ಜಗಲಿಯಲ್ಲಿ ಬಿಟ್ಟು ಹೋದರೆ ಮಧ್ಯಾಹ್ನಕ್ಕೆ ಎಲ್ಲ ನಿಧಾನವಾಗಿ ಬೆಂದಿರುತ್ತಿತ್ತು. ಒಂದು ದಿನ ಬಂದಾಗ ಕುಕ್ಕರ್ ಇರಲಿಲ್ಲ.

"ಮಳೆ ಇರಚಲು ಹೊಡೀತಿತ್ತು ರೈಟ್ರೇ, ನಮ್ಮನೆ ಒಳಗೆ ಇಟ್ಟಿದ್ದೀನಿ," ಎಂದಳು ತನ್ನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಪಕ್ಕದ ಮನೆಯ ಸೀತಮ್ಮ. "ಒಳಗೆ ಮಲಗಿರೋ ಮಗೂಗೂ ಬೆಚ್ಚಗಿರ್ಲಿ ಅಂತ ಬಾಗಿಲು ಹಾಕಿದ್ದೀನಿ."

ಕೆಂಡದ ವಿಷಗಾಳಿ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಓಡಿಹೋಗಿ ಬಾಗಿಲು ತಳ್ಳಿ ಮಗುವನ್ನು ಎತ್ತಿಕೊಂಡೆ. ಕತ್ತು ಜೋತುಬಿತ್ತು. ಹೊರಗೆ ತಂದು ಬೆನ್ನು ತಿಕ್ಕಿದೆ.

"ಏನಾಯ್ತು, ಹೇಳಿ," ಎಂದು ಸೀತಮ್ಮ ನನ್ನ ತೋಳು ಅಲುಗಿಸುತ್ತಿದ್ದಳು. ನಾನು ಬೆನ್ನು ತಿಕ್ಕುತ್ತಲೇ ಇದ್ದೆ. ಕೊನೆಗೆ ಮಗು ಕೆಮ್ಮಿತು, ಅತ್ತಿತು.

ಮರುದಿನದಿಂದ ನಾನು ಸೌದೆ ಒಲೆ ಊದತೊಡಗಿದೆ. ಕಣ್ಣು ಉರಿಸಿದರೂ ಕಾಣುವ ಹೊಗೆಯೇ ವಾಸಿ.