ವಿಮಾನದ ಸೀಟಿನ ಚೀಟಿ

ರೋಣದ ಬಸ್‌ನಿಲ್ದಾಣದಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯುತ್ತ ತಲೆಯೆತ್ತಿದರೆ ಒಮ್ಮೊಮ್ಮೆ ವಿಮಾನವೊಂದು ಬಿಳಿಗೆರೆ ಎಳೆದುಕೊಂಡು ಹೋಗುವುದು ಕಾಣುತ್ತದೆ. ಕೆಳಗೆ ನಿಂತ ನಮ್ಮ ಜನ ಹಳೆಯ ಟ್ರ್ಯಾಕ್ಟರನ್ನು ದೂರದಿಂದ ನೋಡಿಯೇ ಅದು ಎಷ್ಟನೆಯ ಕೈಯದು, ಮೊದಲ ಮಾಲೀಕ ಯಾವ ಊರಿನವನು ಎಂದು ಹೇಳಬಲ್ಲವರು. ವಿಮಾನದ ಬಗ್ಗೆ ಮಾತ್ರ ಯಾರೂ ಅಂಥ ಪ್ರಶ್ನೆ ಕೇಳುವುದಿಲ್ಲ. ಎತ್ತರದಲ್ಲಿರುವುದೆಲ್ಲ ಹೊಚ್ಚಹೊಸದು ಎಂಬ ನಂಬಿಕೆ. ತರ್ಕಶಾಸ್ತ್ರದಲ್ಲಿ ಪದವಿ ಪಡೆದು, ಕಂಡದ್ದನ್ನೆಲ್ಲ ಸಂಶಯಿಸಬೇಕೆಂದು ಕಾಲೇಜಿನ ಹುಡುಗರಿಗೆ ಕಲಿಸಿಯೇ ಹೊಟ್ಟೆ ಹೊರೆದ ನಾನು ಕೂಡ ತಲೆಯ ಮೇಲಿನದನ್ನು ಸಂಶಯಿಸಿರಲಿಲ್ಲ.

ಆ ನಂಬಿಕೆ ಕಳಚಿದ್ದು ಗಜೇಂದ್ರಗಡದ ಇಬ್ರಾಹಿಂಸಾಬರ ಅಂಗಡಿಯಲ್ಲಿ. ಇಬ್ರಾಹಿಂಸಾಬರು ಗಾದಿ ಹೊಲಿಯುವವರು, ಬಸ್ಸಿನ ಸೀಟುಗಳನ್ನೂ ಹೊಸದು ಮಾಡುವವರು. ಇಂಗ್ಲಿಷಿನ ಯಾವ ಕಾಗದ ಬಂದರೂ ಅದನ್ನು ಜೇಬಿನಲ್ಲಿಟ್ಟುಕೊಂಡು ನಾನು ಬರುವ ದಿನಕ್ಕೆ ಕಾಯುತ್ತಿದ್ದರು. ನಿವೃತ್ತನಾದ ಮೇಲೆ ಮನೆಯಲ್ಲಿ ಕೂರಲಾಗದೆ ಊರೂರು ತಿರುಗುವ ನನಗೂ ಯಾರಿಗಾದರೂ ಬೇಕಾಗಿದ್ದೇನೆ ಎನ್ನಿಸಲು ಅದೊಂದು ಜಾಗ ಉಳಿದಿತ್ತು.

ಹೀಗೆ ಒಂದು ದಿನ ಜೇಬಿನಿಂದ ಹೊರಬಂದದ್ದು ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಕಳಿಸಿದ ಎರಡು ಹಾಳೆಯ ಸೂಚನಾಪತ್ರ. ದೊಡ್ಡ ಪ್ರಯಾಣಿಕ ವಿಮಾನವೊಂದು ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾರಾಟವಾಗಿತ್ತು. ಹಾಗೆ ಕೈ ಬದಲಾದಾಗ ಬಾಲದ ಮೇಲಿನ ಚಿತ್ರ ಅಳಿಸಿ ಬೇರೆಯದು ಬರೆಯುತ್ತಾರಂತೆ, ನೆಲಹಾಸು ಕಿತ್ತು ಬೇರೆ ಹಾಸುತ್ತಾರಂತೆ, ಸೀಟಿನ ಗವಸುಗಳನ್ನು ಬಿಚ್ಚಿ ತೊಳೆದು ಹೊಲಿಸಿ ಮತ್ತೆ ತೊಡಿಸುತ್ತಾರಂತೆ. ಪರೀಕ್ಷೆಗೆಂದು ಅರವತ್ತು ಗವಸುಗಳು ಬಂದಿದ್ದವು. ಕೆಲಸ ಮೆಚ್ಚಿಗೆಯಾದರೆ ವರ್ಷವಿಡೀ ವಿಮಾನದ ಹೊಲಿಗೆಯೇ. ಇಬ್ರಾಹಿಂಸಾಬರು ಆಗಲೇ ಎರಡನೆಯ ಮಷೀನಿಗೆ ಮೂಲೆಯಲ್ಲಿ ಜಾಗ ಗುಡಿಸಿಟ್ಟಿದ್ದರು. ಓಣಿಯ ಮೂವರು ಹೆಣ್ಣುಮಕ್ಕಳಿಗೆ ಮಾತು ಕೊಟ್ಟಿದ್ದರು. "ಇಷ್ಟ ದಿನ ಬಸ್ಸಿನ್ಯಾಗ ಕುಂದ್ರೋರನ್ನ ಕುಂದರ್ಸಿದ್ವಿ ಸರ್. ಈಗ ಮ್ಯಾಲ ಹಾರೋರನ್ನ ಕುಂದರ್ಸೋಣು" ಎಂದರು. ನಾನು ಪತ್ರವನ್ನು ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸಿ ಹೇಳಿದೆ. ಹೇಳಿ ಮುಗಿಸಿದ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯುವುದು ಪಾಠ ಮಾಡುತ್ತಿದ್ದ ಕಾಲದಿಂದ ಬಂದ ಚಟ.

ತಿಂಗಳ ನಂತರ ಗುತ್ತಿಗೆದಾರರು ನರಗುಂದದವರೆಗೆ ಬಂದು ಮಾಲು ನೋಡುವುದಾಗಿ ತಿಳಿಸಿದರು. ಇಬ್ರಾಹಿಂಸಾಬರು ಗಂಟುಗಳೊಂದಿಗೆ ಗಜೇಂದ್ರಗಡದಲ್ಲಿ ಬಸ್ಸು ಹತ್ತಿದರು, ನಾನು ರೋಣದಲ್ಲಿ ಸೇರಿಕೊಂಡೆ. ನರಗುಂದದ ನಿಲ್ದಾಣದೆದುರಿನ ಚಹಾದಂಗಡಿಯಲ್ಲಿ ಗಂಟು ಬಿಚ್ಚಿದಾಗ ಪಕ್ಕದ ಬೆಂಚಿನವರೂ ಎದ್ದು ಬಂದು ನೋಡಿದರು. ನೀಲಿ ಬಟ್ಟೆ ನಿನ್ನೆ ನೇಯ್ದಂತಿತ್ತು. ಗುತ್ತಿಗೆದಾರರು ಹೊಲಿಗೆಯ ಮೇಲೆ ಬೆರಳಾಡಿಸಿ ತಲೆದೂಗಿದರು. ಆಮೇಲೆ ಒಂದು ಗವಸನ್ನು ಒಳಮಗ್ಗಲು ಮಾಡಿದರು. ಇನ್ನೊಂದನ್ನು ಮಾಡಿದರು. ಮತ್ತೆ ನಾಲ್ಕನ್ನು.

"ಇದರಾಗಿನ ಚೀಟಿ ಎಲ್ಲಿ ಅದಾವ್ರಿ?"

"ತಗದೀನಲ್ರಿ," ಎಂದರು ಇಬ್ರಾಹಿಂಸಾಬರು, ಹೊಗಳಿಕೆಗೆ ಕಾಯುವವರಂತೆ. "ಒಂದೂ ಬಿಟ್ಟಿಲ್ಲ."

ಅದು ಅವರ ಮನೆತನದ ರೀತಿ. ಬೇರೆಯವರು ಹೊಲಿದದ್ದು ರಿಪೇರಿಗೆ ಬಂದರೆ ಮೊದಲು ಹಳಬನ ಹೆಸರಿನ ಚೀಟಿ ಬಿಚ್ಚುವುದು. ನಾಳೆ ತಮ್ಮ ಹೊಲಿಗೆ ಬಿಟ್ಟುಕೊಂಡರೆ ಮೊದಲು ಹೊಲಿದವನಿಗೆ ಕೆಟ್ಟ ಹೆಸರು ಬರಬಾರದು ಎಂದು ತಂದೆ ಕಲಿಸಿದ್ದರಂತೆ. ಇಷ್ಟು ಸಭ್ಯವಾದ ವಿಧಿಯನ್ನು ನಾನು ಯಾವ ನೀತಿಶಾಸ್ತ್ರದ ಪುಸ್ತಕದಲ್ಲೂ ಕಂಡಿಲ್ಲ. ಆದರೆ ವಿಮಾನದ ಲೋಕದ ಸಭ್ಯತೆ ಬೇರೆ. ಅಲ್ಲಿ ಪ್ರತಿಯೊಂದು ತುಂಡಿಗೂ ಜಾತಕವಿರುತ್ತದೆ. ಯಾರು ಮಾಡಿದ್ದು, ಬೆಂಕಿಗೆ ತಡೆಯುತ್ತದೆಂದು ಯಾರು ಪರೀಕ್ಷಿಸಿದ್ದು, ಎಲ್ಲವೂ ಆ ಚೀಟಿಯ ಸಂಖ್ಯೆಯಲ್ಲಿದೆ. ಚೀಟಿ ಹೋದರೆ ವಸ್ತು ಎಷ್ಟೇ ಗಟ್ಟಿಯಾಗಿದ್ದರೂ ಕಸ.

ಇಬ್ರಾಹಿಂಸಾಬರು ಚೀಲದಿಂದ ಬಿಸ್ಕೀಟಿನ ಡಬ್ಬಿ ತೆಗೆದರು. ಅರವತ್ತೂ ಚೀಟಿಗಳು ಅದರಲ್ಲಿ ಇಸ್ತ್ರಿ ಮಾಡಿದಂತೆ ಕೂತಿದ್ದವು. "ಇಲ್ಲೇ ಅದಾವ್ರಿ ಸಾಹೇಬ್ರ. ಸಂಜೀತನಾ ಹಚ್ಚಿಕೊಡ್ತೀನಿ."

"ಯಾವುದಕ್ಕ ಯಾವುದು ಹಚ್ಚತೀರಿ ಅಜ್ಜಾರ? ಇವನ ಆಧಾರ ಕಾರ್ಡ್ ಅವನ ಕಿಸೆದಾಗ ಇಟ್ರ ನಡೀತೈತೇನು?" ಎಂದು ಗುತ್ತಿಗೆದಾರರು ನಕ್ಕರು, ಪಕ್ಕದ ಬೆಂಚಿನವರೂ ನಕ್ಕರು. ನಂತರ ನಗದೆ ಹೇಳಿದರು: "ಕಾಗದದಾಗ ಸಾಫ್ ಬರದಿದ್ವಲ್ರಿ, ಚೀಟಿ ಮುಟ್ಟಬ್ಯಾಡ್ರಿ ಅಂತ. ಓದಿ ಹೇಳಾಕ ಯಾರೂ ಇರಲಿಲ್ಲೇನು?"

ಇಬ್ರಾಹಿಂಸಾಬರು ನನ್ನತ್ತ ತಿರುಗಲಿಲ್ಲ. ತಿರುಗದಿರಲು ಕತ್ತನ್ನು ಬಿಗಿಹಿಡಿದದ್ದು ಕಾಣುತ್ತಿತ್ತು.

ನಾನು ಹೇಳಿದ್ದೆ. ಆ ಕ್ಷಣದಲ್ಲಿ ನನಗೆ ಖಚಿತವಿತ್ತು. ಅವರ ಹೆಂಡತಿ ಖಾತೂನಬಿ ಹುರಿದ ಶೇಂಗಾದ ತಟ್ಟೆ ತಂದಿಟ್ಟದ್ದು, ನಾನು ಸಿಪ್ಪೆ ಊದುತ್ತ "ಚೀಟಿ ಮುಟ್ಟಬಾರದಂತ" ಎಂದದ್ದು ಕಣ್ಣಿಗೆ ಕಟ್ಟಿದಂತಿತ್ತು. ಮರಳುವ ಬಸ್ಸಿನಲ್ಲಿ ಅದನ್ನು ಬಾಯಿಬಿಟ್ಟೆ. "ನೀವು ಹೇಳೇ ಇರತೀರಿ ಬಿಡ್ರಿ ಸರ್. ನನ್ನ ಕಿವಿ ಮಷೀನಿನ್ಯಾಗ ಇತ್ತು" ಎಂದು ಅವರು ಕಿಟಕಿಯಾಚೆ ನೋಡಿದರು. ಬೈದಿದ್ದರೆ ವಾದ ಹೂಡಬಹುದಿತ್ತು. ವಾದ ನನ್ನ ಕಸುಬು. ಕ್ಷಮೆಯ ಎದುರು ತರ್ಕಶಾಸ್ತ್ರಕ್ಕೆ ಸೂತ್ರವಿಲ್ಲ.

ಮರುದಿನವೇ ಗಜೇಂದ್ರಗಡಕ್ಕೆ ಹೋಗಿ, ಸಾಕ್ಷಿ ಹುಡುಕುವವನಂತೆ, ಶೇಂಗಾದ ಮಾತು ತೆಗೆದೆ. ಖಾತೂನಬಿ ಬೆರಗಾದರು. "ಶೇಂಗಾ ಎಲ್ಲೀದ್ರಿ ಯಪ್ಪಾ? ಅವತ್ತ ನಮ್ದು ರೋಜಾ. ಚಾ ಮಾಡ್ತೀನಿ ಅಂದ್ರ, ನೀವು ಉಪವಾಸ ಅದೀರಿ, ನನಗ್ಯಾಕ ಅಂತ ಒಂದ ಗುಟುಕು ನೀರ ಸೈತ ಕುಡಿಲಿಲ್ಲ ನೀವು."

ಶೇಂಗಾ ಇರಲಿಲ್ಲವಾದರೆ, ಶೇಂಗಾ ತಿನ್ನುತ್ತ ಆಡಿದ ಮಾತು? ಪತ್ರವನ್ನು ಕೇಳಿ ಬಿಚ್ಚಿದೆ. ಎರಡನೆಯ ಹಾಳೆಯ ಅರ್ಧದವರೆಗೆ ಪೆನ್ಸಿಲಿನ ಗೆರೆಗಳು ನೆಟ್ಟಗೆ ಬಂದು ನಿಂತಿದ್ದವು. ಚೀಟಿಯ ಸಾಲು ಅದರ ಕೆಳಗಿತ್ತು. ಪೆನ್ಸಿಲಿನ ಮೊನೆ ಮುರಿದಿರಬೇಕೆಂದು ಮನಸ್ಸು ವಕೀಲಿ ಶುರುಮಾಡಿತು; ಗೆರೆ ಎಳೆಯದೆಯೂ ಹೇಳಿರಬಹುದೆಂದಿತು. ಕೈಯಿಂದ ಕೈಗೆ ದಾಟಿದ ವಿಮಾನದ ಒಂದು ಅರಿವೆಯ ತುಂಡಿಗೆ ತಾನು ಯಾರೆಂಬ ಲೆಕ್ಕವಿದೆ. ಒಂದೇ ಕೈಯಲ್ಲಿ ಇಷ್ಟು ವರ್ಷ ಬಾಳಿದ ನನ್ನ ತಲೆಗೆ ಒಂದು ತಿಂಗಳ ಹಿಂದಿನ ಒಂದು ವಾಕ್ಯದ ಗುರುತಿಲ್ಲ. ಇನ್ನು ನನ್ನ ತಾಯಿ ಕೊನೆಗೆ ನನಗೆ ಹೇಳಿದ ಮಾತು, ನಾನು ಹೆಂಡತಿಗೆ ಕೊಟ್ಟೆನೆಂದು ನಂಬಿರುವ ಒಳ್ಳೆಯ ಉತ್ತರಗಳು, ಇವುಗಳಲ್ಲಿ ಎಷ್ಟು ಶೇಂಗಾ ಇದೆಯೋ ಯಾರು ಬಲ್ಲರು. ಓದುಗರೇ, ಸಂಶಯವನ್ನು ಜೀವನಪೂರ್ತಿ ಸಾಕಿದೆ. ಅದು ಮನೆಯವರನ್ನೇ ಕಚ್ಚುತ್ತದೆಂದು ಗೊತ್ತಿರಲಿಲ್ಲ.

ಮೂಲೆಗೆ ಎರಡನೆಯ ಮಷೀನು ಬರಲಿಲ್ಲ. ಮೂವರಲ್ಲಿ ಇಬ್ಬರು ಹೆಣ್ಣುಮಕ್ಕಳು ಮತ್ತೆ ಕಳೆ ತೆಗೆಯಲು ಹೊಲಕ್ಕೆ ಹೋಗುತ್ತಾರೆ.

ಕಳೆದ ವಾರ ಅಂಗಡಿಗೆ ಹೋದಾಗ ಇಬ್ರಾಹಿಂಸಾಬರು ಎಂದಿನಂತೆ "ಬರ್ರಿ ಸರ್" ಎಂದು ಜಾಗ ಮಾಡಿಕೊಟ್ಟರು, ಚಹಾ ತರಿಸಿದರು, ನನ್ನ ಮೊಣಕಾಲು ನೋವು ವಿಚಾರಿಸಿದರು. ಅಂಗಿಯ ಜೇಬಿನಿಂದ ಮಡಿಸಿದ ಕಾಗದವೊಂದು ಇಣುಕುತ್ತಿತ್ತು. ನಾನು ಚಹಾ ಮುಗಿಸಿದೆ, ಇನ್ನೂ ಕೂತೆ, ಕೊನೆಗೆ ನಾನೇ ಕೇಳಿದೆ.

"ಏ, ಅದೇನಿಲ್ಲ ತಗೋರಿ," ಎಂದು ಅವರು ಜೇಬಿನ ಮೇಲೆ ಅಂಗೈ ಇಟ್ಟರು. "ನರೇಗಲ್ಲಿಗೆ ಹೊಂಟೀನಿ. ಅಲ್ಲೊಬ್ಬ ಅಕ್ಕಾರು ಸಾಲಿ ಕಲಸ್ತಾರ, ಓದಿ ಹೇಳ್ತಾರ. ನಿಮಗ್ಯಾಕ ಸುಮ್ನ ತ್ರಾಸ."

ಕೈ ತೆಗೆದಾಗ ಕಾಗದದ ಮಡಿಕೆ ತುಸು ಬಿಚ್ಚಿಕೊಂಡಿತ್ತು. ಕೂತಲ್ಲಿಂದಲೇ ಮೊದಲ ಎರಡು ಸಾಲು ನನಗೆ ಸ್ಪಷ್ಟವಾಗಿ ಓದಲು ಬಂದವು. ಯಾರೂ ಅರ್ಥ ಕೇಳಲಿಲ್ಲ.