ಗೇಟಿಗೆ ನೇತುಹಾಕಿದ ಸೊಪ್ಪಿನ ಬೋರ್ಡು

ಉಪ್ಪಾರಹಳ್ಳಿಯ ಆ ಬೀದಿಯಲ್ಲಿ ಎಷ್ಟೋ ವರ್ಷದಿಂದ ಬಾಡಿಗೆಗಿದ್ದರೂ ರಾಮಾಂಜಿನಯ್ಯನವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕುಣಿಗಲ್ ಕಡೆಯವರು, ಮದುವೆಯಾಗಿಲ್ಲ, ಟೈಲ್ಸ್ ಗೋಡೌನಿನಲ್ಲಿ ಕೆಲಸ. ಮಾತಾಡಿಸಿದರೆ ಮಾತಾಡುವವರೇ, ತಾವಾಗಿ ಮಾತು ಶುರುಮಾಡುವ ಕಲೆಯನ್ನು ಮಾತ್ರ ದೇವರು ಕೊಟ್ಟಿರಲಿಲ್ಲ. ಬೆಳಿಗ್ಗೆ ಹಾಲಿನವನಿಗೆ ‘ಅರ್ಧ ಲೀಟರ್’ ಅಂದರೆ ಅವತ್ತಿನ ಸಂಭಾಷಣೆ ಬಹುಪಾಲು ಮುಗಿದಂತೆಯೇ.

ಮೇಲ್ಮನೆಯವರು ಗುಬ್ಬಿಗೆ ಹೋಗುವಾಗ ತಮ್ಮ ಬಿಳಿ ಮೊಲವನ್ನು ಇವರಿಗೆ ಒಪ್ಪಿಸಿದರು. “ಸೊಪ್ಪು ಹಾಕಿದ್ರೆ ಸಾಕು ಸಾರ್, ಇದೆ ಅಂತಾನೂ ಗೊತ್ತಾಗಲ್ಲ” ಅಂದರು. ಅದೇ ಮಾತನ್ನು ಇವರ ಬಗ್ಗೆಯೂ ಹೇಳಬಹುದಿತ್ತು.

ಗೂಡನ್ನು ಗೇಟಿನ ಒಳಗೆ ಕಲ್ಲುಬೆಂಚಿನ ಪಕ್ಕ ಇಟ್ಟದ್ದೇ ತಡ, ಸಂಜೆಯ ಹೊತ್ತು ಜನ ಬರತೊಡಗಿದರು. ಎದುರುಮನೆಯ ಮಹಾಲಕ್ಷ್ಮಮ್ಮ ಹರಳಿನ ಎಲೆ ತಂದರು. ಇಸ್ತ್ರಿ ಅಂಗಡಿಯ ಕನಕರಾಜು ಲಂಟಾನ ಕಿತ್ತು ತಂದ. ಕೂತು ಲೋಕಾಭಿರಾಮ ಮಾತಾಡಿದರು. ತೊಂದರೆಯೇನೆಂದರೆ, ಆ ಎರಡು ಸೊಪ್ಪೂ ಮೊಲಕ್ಕೆ ವಿಷ. ಹಿಪ್ಪುನೇರಳೆ, ಸೀಬೆ, ದಾಸವಾಳ, ಹಲಸಿನ ಎಲೆ, ಗರಿಕೆ ಹಾಕಬಹುದು. ಹರಳು, ಲಂಟಾನ, ಎಕ್ಕ, ಕಣಗಿಲೆ, ಉಮ್ಮತ್ತಿ ಮುಟ್ಟಿಸಲೇಬಾರದು ಎಂದು ದನದ ಡಾಕ್ಟರು ಹೇಳಿದ್ದರು. ಆದರೆ ಬೇಡವೆಂದರೆ ನಾಳೆಯಿಂದ ಬರದಿದ್ದರೆ? ರಾಮಾಂಜಿನಯ್ಯ ಎಲ್ಲವನ್ನೂ “ಆಮೇಲೆ ಹಾಕ್ತೀನಿ” ಎಂದು ಈಸಿಕೊಂಡು, ಅವರು ಹೋದ ಮೇಲೆ ಹಿತ್ತಲಿಗೆ ಎಸೆಯುತ್ತಿದ್ದರು.

ಒಂದು ಶನಿವಾರ ಮಹಾಲಕ್ಷ್ಮಮ್ಮ ಆಂಜನೇಯನ ಗುಡಿಯಿಂದ ಎಕ್ಕದ ಹಾರ ತಂದವರು ತಾವೇ ಗೂಡಿಗೆ ತೂರಿಸಿಬಿಟ್ಟರು. ಮೊಲ ಮೂಗು ಚಾಚಿತು. ರಾಮಾಂಜಿನಯ್ಯ ಹಾರಿ ಬಂದು ಹಾರವನ್ನು ಕಿತ್ತುಕೊಂಡರು.

“ಏನ್ರೀ ಇದು, ದೇವ್ರ ಪ್ರಸಾದ ಕಿತ್ಕೊಂತೀರಾ?”

“ಎಕ್ಕ ತಿಂದ್ರೆ ಸತ್ತೋಯ್ತದೆ ಕಣಮ್ಮ. ಹರಳೂ ಅಷ್ಟೇಯ.”

“ಹಂಗಾರೆ ಇಷ್ಟ್ ದಿನ ನಾನ್ ತಂದಿದ್ದು?”

ಥಟ್ಟನೆ ಇನ್ನೊಂದು ಸುಳ್ಳು ಹೊಳೆಯದೆ ಅವರ ಕಣ್ಣು ಹಿತ್ತಲ ಕಡೆ ಹೋಯಿತು. ಮಹಾಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡು ಎದ್ದುಹೋದರು.

ಇನ್ನು ಯಾರ ಮನಸ್ಸೂ ನೋಯದಿರಲಿ ಎಂದು ಅವರು ಗೇಟಿಗೊಂದು ಕರಿಹಲಗೆ ನೇತುಹಾಕಿ, ‘ಹಾಕಬಹುದು’, ‘ಹಾಕಬಾರದು’ ಎಂದು ನಡುವೆ ಗೆರೆ ಎಳೆದು ಎರಡೂ ಕಡೆ ಸೊಪ್ಪುಗಳ ಹೆಸರನ್ನು ದುಂಡಗೆ ಬರೆದರು. ಜನ ಓದಿದರು. ಸರಿಯಾದ ಸೊಪ್ಪನ್ನೇ ತಂದು, ಗೇಟಿನ ಸಂದಿಯಿಂದ ಒಳಗೆ ತಳ್ಳಿ, ಹೋಗುತ್ತಾ ಇದ್ದರು. ಮೊಲ ದಪ್ಪಗಾಯಿತು. ಬೆಂಚಿನ ಮೇಲೆ ಧೂಳು ಕೂತಿತು.

“ಬೋರ್ಡ್ ಸೂಪರ್ ಸಾರ್,” ಕನಕರಾಜು ಸ್ಕೂಟರಿನಿಂದ ಇಳಿಯದೆಯೇ ಹೇಳಿದ. “ನಿಮ್ಮನ್ ಕೇಳೋ ತಾಪತ್ರಯನೇ ಇಲ್ಲ ಬುಡಿ.”

ಅವನು ಮರೆಯಾದ ಮೇಲೆ ರಾಮಾಂಜಿನಯ್ಯ ಒದ್ದೆ ಬಟ್ಟೆ ತಂದರು. ‘ಹಾಕಬಾರದು’ ಎಂಬ ಕಡೆಯನ್ನು ಇನ್ನಷ್ಟು ದಪ್ಪಗೆ ತಿದ್ದಿದರು. ‘ಹಾಕಬಹುದು’ ಎಂಬ ಕಡೆಯನ್ನು ಪೂರಾ ಒರೆಸಿಬಿಟ್ಟರು.

ನಾಲ್ಕಾರು ದಿನ ಯಾರೂ ಬರಲಿಲ್ಲ. ಗರಿಕೆಯನ್ನು ಅವರೇ ಕಿತ್ತು ತಂದು ಹಾಕಿದರು. ಆಮೇಲೊಂದು ಸಂಜೆ ಮಹಾಲಕ್ಷ್ಮಮ್ಮ ಕೊಂಬೆಯೊಂದನ್ನು ಹಿಡಿದು ಗೇಟಿನಾಚೆಯೇ ನಿಂತು, ಬೋರ್ಡಿನ ಮೇಲೆ ಬೆರಳಾಡಿಸಿ ಓದಿದರು.

“ಹಲಸಿನೆಲೆ ಆಯ್ತದಾ? ಇಲ್ಲಾ ಇದ್ನೂ ಕಿತ್ಕೊಂತೀರಾ?”

“ಆಯ್ತದೆ,” ಅಂದ ರಾಮಾಂಜಿನಯ್ಯ ಗೇಟು ತೆಗೆದು, ಹೆಗಲ ಟವೆಲ್ಲಿನಿಂದ ಬೆಂಚು ಒರೆಸಿದರು. “ಆದ್ರೆ ಒಟ್ಗೆ ಹಾಕಂಗಿಲ್ಲ ಕಣಮ್ಮ. ಕೂತ್ಕಂಡು ಒಂದೊಂದೇ ಎಲೆ ಕೊಡ್ಬೇಕು.”

ಹಾಗೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಕೊಂಬೆಯಲ್ಲಿ ಎಲೆ ದಂಡಿಯಾಗಿದ್ದವು.