ಕೈ ಅವನದು, ಪದಗಳು ನನ್ನವು

ಮಾಬೂಬಿ, ನಿನಗೆ ನಾನು ಸುಳ್ಳು ಹೇಳಿದೆ. ನಿನ್ನ ಗಂಡ ಖಾಸಿಂ ಪೇಪರಿನ ಪದಬಂಧವನ್ನು ತಾನೇ ತುಂಬುತ್ತಾನೆಯೇ ಎಂದು ನನ್ನ ಅಂಗಡಿಯ ಮೆಟ್ಟಿಲ ಹತ್ತಿರ ನಿಂತು ಕೇಳಿದೆಯಲ್ಲ — ಅವನೇ ತುಂಬುತ್ತಾನೆ ಎಂದೆ. ಆಗ ಪದಗಳನ್ನು ಹೇಳುತ್ತಿದ್ದವನು ನಾನು. ಅವನು ಬರೆದುಕೊಳ್ಳುತ್ತಿದ್ದ, ಅಷ್ಟೇ.

ಮೊನ್ನೆ ನಿನ್ನನ್ನು ಮಣ್ಣಿಗಿಟ್ಟು ಬಂದೆವು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಈ ಮಾತನ್ನು ನೀನು ಕೇಳಿಸಿಕೊಳ್ಳುವಾಗ ಹೇಳಬೇಕಿತ್ತು. ಹೇಳಲಿಲ್ಲ.

ಕೊಟ್ಟೂರಿನ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನನ್ನದು ಬೀಜದ ಅಂಗಡಿ. ಗೋಡೆಯಾಚೆ ಖಾಸಿಂನ ಮೋಟರ್ ರಿಪೇರಿ ಅಂಗಡಿ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕೆಲಸ. ನಾವಿಬ್ಬರೂ ಒಂದೇ ಸಾಲೆಯಲ್ಲಿ ಓದಿದವರು. ಪೇಪರು ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಬಂದ ರೈತರೆಲ್ಲ ಓದಿ ಮುಗಿಸಿದ ಮೇಲೆ ಅವನು ಕತ್ತರಿ ತಂದು ಪದಬಂಧವನ್ನು ಮಾತ್ರ ಕತ್ತರಿಸಿಕೊಳ್ಳುತ್ತಿದ್ದ. ನಾನು ಸುಳಿವು ಓದಬೇಕು, ಅವನು ತಂತಿ ಸುತ್ತುತ್ತಲೇ ಉತ್ತರ ಹೇಳಿ, ನಡುವೆ ಕೈ ಬಿಡಿಸಿಕೊಂಡು ಬರೆಯಬೇಕು — ಅದು ನಮ್ಮ ಪದ್ಧತಿ. ನನಗೆ ಹೊಳೆಯುತ್ತಿದ್ದುದು ಕಡಿಮೆ.

"ಲೇ ಕೊಟ್ರ್ಯಾ, ಬೀಜ ಮಾರಿ ಮಾರಿ ನಿನ್ನ ತಲಿಯೊಳಗ ಬರೇ ಹೊಟ್ಟು ತುಂಬೈತಿ ನೋಡು" ಎನ್ನುತ್ತಿದ್ದ.

ನಗುತ್ತಿದ್ದೆ. ಒಳಗೆ ಎಲ್ಲೋ ಚುಚ್ಚುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ತುಂಬಿದ ಚೀಟಿಯನ್ನು ಅವನು ಸಂಜೆ ಮನೆಗೆ ಒಯ್ಯುತ್ತಿದ್ದ. ನಿನಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ದೀಪದ ಹತ್ತಿರ ಹಿಡಿದು, ಯಾವ ಚೌಕವಾದರೂ ಖಾಲಿ ಉಳಿದಿದೆಯೇ ಎಂದು ಹುಡುಕುತ್ತಿದ್ದೆಯಂತೆ. ಖಾಲಿ ಸಿಕ್ಕರೆ ಅವನಿಗೆ ಆ ದಿನ ಮೂದಲಿಕೆ.

ಅದು ಶುರುವಾದದ್ದು ಒಂದು ಸಣ್ಣ ಪದದಿಂದ. 'ಲೋಹದ ಎಳೆ, ಎರಡಕ್ಷರ' ಎಂದು ಓದಿದೆ. ಅವನ ಬೆರಳಿನ ನಡುವೆ ತಾಮ್ರದ ತಂತಿ ಇತ್ತು; ಅದನ್ನೇ ನೋಡಿದ. ಮೇಲೆತ್ತಿ ನನಗೆ ತೋರಿಸಿದ.

"ಇದು... ಇದಕ್ಕ ಏನಂತಾರ? ಹೇಳಲೇ."

ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ. "ತಂತಿ" ಎಂದೆ. ಬರೆದುಕೊಂಡು, "ಗೊತ್ತಿತ್ತು ಬಿಡು" ಎಂದ. ಆದರೆ ಅವನ ಕಣ್ಣಿನಲ್ಲಿ ನಾನು ಎಂದೂ ಕಾಣದ ಒಂದು ಭಯ —

ಆಮೇಲೆ ದಿನದಿನಕ್ಕೆ ಪದಗಳು ಅವನ ಕೈ ಬಿಟ್ಟವು. ಒರಳು, ಹಗ್ಗ, ಗೋಧಿ. ಮನೆಯಲ್ಲಿ ನಿತ್ಯ ಬಳಸುವ ಪದಗಳು. ಒಂದು ಮಧ್ಯಾಹ್ನ ಅವನೇ ಹೇಳಿದ: "ನೀ ಹೇಳ್ಕೊಂತ ಹೋಗು, ನಾ ಬರಿತೀನಿ. ಖಾಲಿ ಬಿಟ್ಟರ ಆಕಿ ಅಂಜತಾಳ. ಮನ್ಯಾಗ ಹೇಳಬ್ಯಾಡ ಮತ್ತ."

ಗೆಳೆಯನ ಮಾತು ಉಳಿಸಿದೆ ಎಂದು ಬರೆದರೆ ಓದುವವರು ನಂಬಬಹುದು. ಆದರೆ ನಾನು ಮಾಡಿದ್ದು ಅಷ್ಟೇ ಅಲ್ಲ. ಪಕ್ಕದ ಹೋಟೆಲಿನ ಪೇಪರು ತರಿಸಿ, ಅವನು ಬರುವ ಮೊದಲೇ ಪದಬಂಧವನ್ನು ಬಿಡಿಸಿಟ್ಟುಕೊಳ್ಳತೊಡಗಿದೆ. ಅವನು ತಡವರಿಸಿದ ಕೂಡಲೇ ಪಟಪಟನೆ ಹೇಳುತ್ತಿದ್ದೆ. ಅವನು ನನ್ನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದ. ಅದು — ಹೇಗೆ ಬರೆಯಲಿ — ಅದು ನನಗೆ ಹಿತವಾಗಿತ್ತು. ಅವನೊಳಗೆ ಏನೋ ಕೆಡುತ್ತಿದೆ ಎಂದು ಗೊತ್ತಿದ್ದೂ ಹಿತವಾಗಿತ್ತು.

ಆಗಲೇ ನೀನು ಬಂದೆ. ಸೆರಗು ಬಿಗಿಯಾಗಿ ಹೊದ್ದು, ಅವನು ನಮಾಜಿಗೆ ಹೋದ ಹೊತ್ತು ನೋಡಿ.

"ಅಣ್ಣಾ, ಸುಳ್ಳು ಹೇಳಬ್ಯಾಡ್ರಿ. ನಿನ್ನಿ ಇವರು ನಮ್ಮ ಮನಿ ದಾಟಿ ಮುಂದ ಹೋಗಿಬಿಟ್ಟಿದ್ರು. ಮಗಳು ರೇಷ್ಮಾ ಹೋಗಿ ಕರಕೊಂಡು ಬಂದಳು. ಬಳ್ಳಾರಿ ದೊಡ್ಡ ಡಾಕ್ಟರಿಗೆ ತೋರಸೂಣು ಅಂದರ, 'ಪದಬಂಧ ತುಂಬೋ ತಲಿಗೆ ಏನಾಗೈತಿ? ಕೊಟ್ರೇಶನ್ನ ಕೇಳು ಹೋಗು' ಅಂತಾರ. ಖರೇನ ಅವರ ತುಂಬ್ತಾರೇನ್ರಿ?"

"ಅವನ ತುಂಬ್ತಾನ ತಂಗಿ. ನನಗೇನು ಬರ್ತೈತಿ? ನಾನ ಅವನ್ನ ಕೇಳಿ ತಿಳಕೊಂತೀನಿ."

ನಿನ್ನ ಮುಖ ಅರಳಿತು. "ಹಂಗಾರ ನನ್ನ ತಲೀನ ಕೆಟ್ಟೈತಿ" ಎಂದು ನಕ್ಕು ಹೋದೆ. ನಾನು ಆ ನಗುವನ್ನು ನೋಡುತ್ತ ನಿಂತೆ. ಹಿಂದಕ್ಕೆ ಕರೆಯಬಹುದಿತ್ತು.

ಕೆಲವೇ ದಿನಗಳಲ್ಲಿ ತಂಬ್ರಹಳ್ಳಿಯ ಹೊಲವೊಂದರಿಂದ ಅವನಿಗೆ ಕರೆ ಬಂತು. ಬಾವಿಯ ಮೋಟರು ನಿಂತಿತ್ತು. ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಆ ಊರ ಹೆಸರು ಬರೆದ ಬಸ್ಸಿನ ಮುಂದೆಯೇ ನಿಂತಿದ್ದ.

"ತಂಬ್ರಹಳ್ಳಿ ಬಸ್ಸು ಯಾವುದಲೇ?"

ಹುಟ್ಟಿದಾಗಿನಿಂದ ಆ ಬಸ್‌ಸ್ಟ್ಯಾಂಡಿನಲ್ಲಿ ಓಡಾಡಿದವನು. ಆದರೂ ಹತ್ತಿಸಿದೆ. ಸಾಮಾನಿನ ಚೀಲವನ್ನು ನಾನೇ ಎತ್ತಿ ಕೊಟ್ಟೆ.

ಖಾಸಿಂ ಮೋಟರಿಗೆ ಕೈ ಹಾಕುವ ಮೊದಲು ಬೋರ್ಡಿನ ಫ್ಯೂಜುಗಳನ್ನು ಕಿತ್ತು ತನ್ನ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದ. ಕೆಲಸ ಮುಗಿಯುವ ತನಕ ಯಾರೂ ಕರೆಂಟು ಕೊಡಬಾರದೆಂದು. ಆ ಸೀಮೆಯ ರೈತರಿಗೆಲ್ಲ ಅದು ಗೊತ್ತು. ಆ ದಿನ ಫ್ಯೂಜುಗಳು ಬೋರ್ಡಿನಲ್ಲೇ ಇದ್ದವು; ಕರೆಂಟು ಹೊಡೆದು ಅವನು ಬಾವಿಯ ಹತ್ತಿರವೇ ಸತ್ತ. ಜೇಬಿನಲ್ಲಿ ಇದ್ದದ್ದು ಹಿಂದಿನ ದಿನದ ಪದಬಂಧ.

"ಫ್ಯೂಜ್ ತಗೀದ ಕೈ ಹಚ್ಚಾವರಲ್ಲರೀ ಅವರು" ಎಂದು ಹೊಲದ ರೈತ ಎಲ್ಲರ ಮುಂದೆಯೂ ಅಳುತ್ತಿದ್ದ. ಏಕೆ ತೆಗೆಯಲಿಲ್ಲ ಎಂದು ಅಲ್ಲಿ ನನ್ನೊಬ್ಬನಿಗೆ ಗೊತ್ತಿತ್ತು.

ನೀನು ಬೇರೆ ಕಾರಣ ಕಂಡುಕೊಂಡೆ. ಆ ಬೆಳಿಗ್ಗೆ 'ಇವತ್ತ ಹೋಗಬ್ಯಾಡ್ರಿ' ಎಂದು ಜಗಳಾಡಿದ್ದೆ; ಅವನು ಉಣ್ಣದೆ ಹೋಗಿದ್ದ. "ಅವರ ತಲಿ ಬರೋಬ್ಬರಿ ಇತ್ತು, ಅಣ್ಣಾ. ನೀವ ಹೇಳಿದ್ದಿರಿ. ನಾ ಎಬ್ಬಿಸಿದ ಸಿಟ್ಟಿನ್ಯಾಗ ಮರತಾರ. ನಾನ ಕೊಂದ್ನಿ ಅವರನ್ನ."

ಆ ದಿನ ಬಾಯಿ ಬಿಟ್ಟಿದ್ದರೆ ನಿನ್ನ ಮೇಲಿನ ಆ ಭಾರವಾದರೂ — ಬಾಯಿ ಬಿಡಲಿಲ್ಲ. ಆಮೇಲೆ ಪ್ರತಿ ಹಬ್ಬಕ್ಕೂ ನಿಮ್ಮ ಮನೆಯಿಂದ ಸುರಕುಂಬಾ ಪಾಯಸ ಬಂತು, ಕುಡಿದೆ. ಅವನ ನೆನಪಾದಾಗಲೆಲ್ಲ ನೀನು ಅದೇ ಮಾತು ಆಡಿದೆ, ನಾನು ಕೇಳಿಸಿಕೊಂಡೆ. ಲಂಗ ತೊಡುತ್ತಿದ್ದ ರೇಷ್ಮಾ ತಾಯಿಯಾದಳು. ತಲೆಗೂದಲು ಪೂರ್ತಿ ಬೆಳ್ಳಗಾಗುವ ಮೊದಲೇ ನೀನು ಹೋದೆ.

ನಿನ್ನ ಟ್ರಂಕಿನಲ್ಲಿ, ಮದುವೆಯ ಓಢಣಿಯ ಮಡಿಕೆಯೊಳಗೆ ಆ ಪದಬಂಧ ಇತ್ತಂತೆ. ರೇಷ್ಮಾ ತಂದು ನನ್ನ ಕೈಯಲ್ಲಿಟ್ಟಳು.

"ಒಂದೂ ಖಾಲಿ ಇಲ್ಲ ನೋಡ್ರಿ ಕಾಕಾ. ಅಮ್ಮ ಯಾವಾಗೂ ತೋರಸ್ತಿದ್ದಳು. 'ಇಂಥ ತಲಿ ಇದ್ದ ಮನಷ್ಯಾನ್ನ ಬಾಯಿ ಮಾಡಿ ಕಳಕೊಂಡೆ' ಅಂತಿದ್ದಳು. ಇನ್ನ ಮ್ಯಾಲ ನಿಮ್ಮ ಹತ್ರಾನ ಇರಲಿ."

ತೆಗೆದುಕೊಂಡು ಬಂದುಬಿಟ್ಟೆ. ಈಗ ನನ್ನ ಮುಂದಿದೆ. ಅಂಚುಗಳು ಹಳದಿಗಟ್ಟಿವೆ, ಪೆನ್ಸಿಲ್ ಗುರುತು ಇನ್ನೂ ಅಳಿಸಿಲ್ಲ. ಪ್ರತಿ ಅಕ್ಷರವನ್ನೂ ಅವನು ಒತ್ತಿ ಒತ್ತಿ ಬರೆದಿದ್ದಾನೆ, ಮಗ್ಗಿ ಬರೆಯುವ ಮಗುವಿನ ಹಾಗೆ. ಒಂದು ಪದವೂ ಅವನದಲ್ಲ.

ನಾಳೆ ಇದನ್ನು ರೇಷ್ಮಾಗೆ ಹಿಂದಿರುಗಿಸುತ್ತೇನೆ. ತಾಯಿ ಅವನನ್ನು ಕೊಲ್ಲಲಿಲ್ಲ, ಉಳಿಸಿಕೊಳ್ಳಲು ನನ್ನ ಬಾಗಿಲಿಗೆ ಬಂದಿದ್ದಳು ಎಂದು ಹೇಳುತ್ತೇನೆ. ನಾನು ಏನು ಉತ್ತರ ಕೊಟ್ಟು ಕಳಿಸಿದೆ ಎಂಬುದನ್ನೂ. ಅವಳು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತು ಉಳಿದದ್ದನ್ನು ಹೇಳಿ ಮುಗಿಸುತ್ತೇನೆ.